ಕೂದಲೆಳೆಯಷ್ಟು ಸಡಿಲ

ಯಾರ ಮನೆಗೆ ಹೋದರೂ ನಮ್ಮ ಭಾವ ಮೊದಲು ಕೈಹಾಕುವುದು ಕುರ್ಚಿಗೆ. ಕೂರುವುದಕ್ಕಲ್ಲ, ಅಲ್ಲಾಡಿಸಿ ನೋಡುವುದಕ್ಕೆ. ಮನೆಯವರು ಬನ್ನಿ, ಕೂತುಕೊಳ್ಳಿ ಎಂದು ಉಪಚಾರ ಹೇಳಿ ಮುಗಿಸುವಷ್ಟರಲ್ಲಿ ಅವರ ಎಡಗೈ ಕುರ್ಚಿಯ ಬೆನ್ನನ್ನೂ ಬಲಗೈ ಅದರ ತೋಳನ್ನೂ ಹಿಡಿದು, ಒಮ್ಮೆ ಆಚೆ ಒಮ್ಮೆ ಈಚೆ ತೂಗಿ, ಕಣ್ಣು ಅರೆಮುಚ್ಚಿ, ನಾಡಿ ಹಿಡಿದ ವೈದ್ಯರ ಗಾಂಭೀರ್ಯದಲ್ಲಿ "ಅಲ್ಲಾಡ್ತಿದೆ" ಎಂದು ತೀರ್ಪು ಕೊಟ್ಟಾಗಿರುತ್ತದೆ. ಆಮೇಲೆ ಮೇಜಿನ ಸರದಿ, ಆಮೇಲೆ ಬಾಗಿಲ ಚಿಲಕದ್ದು, ಕಿಟಕಿಯ ಕೊಂಡಿಯದು, ಮಹಡಿ ಮೆಟ್ಟಿಲಿನ ಕಟಕಟೆಯದು. ತಂದಿಟ್ಟ ಕಾಫಿ ಆರಿ ಕೆನೆಗಟ್ಟುವ ಹೊತ್ತಿಗೆ, ಆ ಮನೆಯವರು ಅಷ್ಟು ವರ್ಷ ಭದ್ರವೆಂದು ನಂಬಿಕೊಂಡಿದ್ದ ಒಂದೊಂದು ವಸ್ತುವಿನ ಮೇಲೂ ಅವರಿಗೇ ಸಂಶಯ ಹುಟ್ಟಿರುತ್ತದೆ. ಹೀಗಾಗಿ ನಮ್ಮ ಬಳಗದಲ್ಲಿ ಭಾವನನ್ನು ಪ್ರೀತಿಸುವವರು ಬಹಳ ಮಂದಿ, ಮನೆಗೆ ಕರೆಯುವವರು ಕಡಿಮೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅಕ್ಕನನ್ನು ಕೊಡುತ್ತೀರಾ ಎಂದು ಕೇಳುವುದಕ್ಕೆ ಅವರು ನಮ್ಮ ಮನೆಗೆ ಮೊದಲ ಬಾರಿ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ನಮ್ಮಪ್ಪ ಗಂಟಲು ಸರಿಮಾಡಿಕೊಂಡು ಕೆಲಸದ ಬಗ್ಗೆ, ಮನೆತನದ ಬಗ್ಗೆ ವಿಚಾರಿಸಲು ಸಿದ್ಧರಾಗುತ್ತಿದ್ದರೆ, ಬಂದ ಮನುಷ್ಯ ತಾನು ಕೂರಬೇಕಾದ ಕುರ್ಚಿಯನ್ನು ತಲೆಕೆಳಗು ಮಾಡಿ ನೆಲದ ಮೇಲೆ ಮಲಗಿಸಿ, ಅದರ ಹಿಂಗಾಲಿನ ಸಂದಿಗೆ ಬೆರಳು ತೂರಿಸಿ ಕೂತಿದ್ದರು. ಸುತ್ತಿಗೆ ಇದೆಯಾ ಎಂದು ಕೇಳಿದರು. ಸುತ್ತಿಗೆ ಬಂತು. ಒಂದು ಮರದ ಚೂರನ್ನು ಸೀಳಿ ಬೆಣೆ ಮಾಡಿ ಬಡಿದು, ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಅಲ್ಲಾಡಿಸಿ, ಅಪ್ಪನನ್ನು ಅದರ ಮೇಲೆ ಕೂರಿಸಿ, ತಾವು ನಿಂತುಕೊಂಡೇ ಉತ್ತರ ಹೇಳಿದರು. ಅವರು ಹೋದ ಮೇಲೆ ಅಪ್ಪ, ಹುಡುಗಿಯ ಬಗ್ಗೆ ಒಂದು ಮಾತೂ ಕೇಳದೆ ಸುತ್ತಿಗೆ ಕೇಳಿದ ಇಂಥ ಅಳಿಯನನ್ನು ಕಟ್ಟಿಕೊಂಡು ಏನು ಮಾಡುವುದು ಎಂದು ತಲೆ ಕೆರೆದುಕೊಂಡರು. ಅಕ್ಕ ಮಾತ್ರ ಆ ಕುರ್ಚಿಯಲ್ಲಿ ಹೋಗಿ ಕೂತು, ಹಿಂದಕ್ಕೂ ಮುಂದಕ್ಕೂ ಒರಗಿ ನೋಡಿ, ಆಗಲಿ ಎಂದುಬಿಟ್ಟಳು.

ಅವರ ನಡಿಗೆಯನ್ನು ನೋಡಬೇಕು. ಮೊಣಕಾಲನ್ನು ಚೂರು ಮಡಿಸಿಯೇ ಇಟ್ಟುಕೊಂಡು, ಹಿಮ್ಮಡಿಯನ್ನು ನೆಲಕ್ಕೆ ಪೂರ್ತಿ ಒಪ್ಪಿಸದೆ, ರಸ್ತೆ ಯಾವ ಕ್ಷಣದಲ್ಲಾದರೂ ಕೈಕೊಡಬಹುದೆಂಬ ಎಚ್ಚರದಲ್ಲಿ ದುಡುದುಡು ನಡೆಯುವ ಸಣಕಲು ದೇಹ. ಮೈಮೇಲೆ ಸದಾ ಒಂದು ನೀಲಿ ವರ್ಕ್‌ಶಾಪ್ ಕೋಟು. ಅದರ ಎಡ ಜೇಬು ಹೊಸದರಂತಿದ್ದರೆ ಬಲ ಜೇಬಿಗೆ ತೇಪೆಯ ಮೇಲೆ ತೇಪೆ ಬಿದ್ದಿದೆ, ಏಕೆಂದರೆ ಅದರೊಳಗೆ ಒಂದು ಗೇಣುದ್ದದ ಉಕ್ಕಿನ ಸರಳೂ ಆ ಸರಳಿನ ಮೇಲೆ ಜಾರುವ ಒಂದು ಕಂಚಿನ ಬುಷ್ಷೂ ವಾಸವಾಗಿವೆ. ನಡೆಯುವಾಗ, ಮಾತಾಡುವಾಗ, ಮಾತು ಕೇಳುವಾಗ ಅವರ ಬಲಗೈ ಜೇಬಿನೊಳಗೆ ಆ ಬುಷ್ಷನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಲೇ ಇರುತ್ತದೆ. ಆಸ್ಪತ್ರೆಯಲ್ಲಿ ನೋಡಿದ್ದೇನೆ, ಸ್ಮಶಾನದಲ್ಲೂ ನೋಡಿದ್ದೇನೆ. ಅಲ್ಲೂ ಆ ಕೈ ನಿಂತಿರಲಿಲ್ಲ. ಕುಂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ ಎಂದು ನಮ್ಮಮ್ಮ ಯಾರನ್ನಾದರೂ ಬೈಯುವಾಗ ನಾವೆಲ್ಲ ಭಾವನ ಕಡೆಗೇ ತಿರುಗುತ್ತಿದ್ದೆವು.

ಅವರ ಕಸುಬನ್ನು ಎರಡು ಮಾತಿನಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಗುಂಡಿಯಲ್ಲಿ ಚಕ್ರ ಬಿದ್ದಾಗ ಏಟನ್ನು ನುಂಗಿಕೊಳ್ಳುವುದು ಸ್ಪ್ರಿಂಗು. ಆದರೆ ಸ್ಪ್ರಿಂಗಿಗೆ ಬಲವುಂಟು, ದಾರಿ ಗೊತ್ತಿಲ್ಲ. ಅದನ್ನು ಅದರ ಪಾಡಿಗೆ ಬಿಟ್ಟರೆ ಎಡಕ್ಕೋ ಬಲಕ್ಕೋ ಸೊಟ್ಟಗೆ ವಾಲುತ್ತದೆ. ಆದ್ದರಿಂದ ಪಕ್ಕದಲ್ಲಿ ಕನ್ನಡಿಯಂತೆ ನಯ ಮಾಡಿದ ಉಕ್ಕಿನ ಸರಳನ್ನು ನಿಲ್ಲಿಸುತ್ತಾರೆ. ಅದು ಗೈಡ್ ರಾಡ್. ಆ ಸರಳನ್ನು ತಬ್ಬಿಕೊಂಡು ನೇರವಾಗಿ ಮೇಲಕ್ಕೂ ಕೆಳಕ್ಕೂ ಜಾರುವ ಕಂಚಿನ ಬಳೆ ಬುಷ್. ಊರಿನ ಅಂಚಿನ ಶೆಡ್ಡೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತು, ಲಾರಿಗಳಿಗೆ, ಬಸ್ಸುಗಳಿಗೆ, ಆಂಬ್ಯುಲೆನ್ಸಿನ ಸ್ಟ್ರೆಚರುಗಳಿಗೆ ಈ ಸರಳು ಮತ್ತು ಬಳೆಗಳನ್ನು ಮಾಡಿಕೊಡುವುದೇ ಭಾವನ ಜೀವಿತಕಾರ್ಯ. ಸರಳಿಗೂ ಬುಷ್ಷಿಗೂ ನಡುವೆ ಎಷ್ಟು ಸಂದಿ ಇರಬೇಕೆಂಬುದು ಅವರ ವೇದಾಂತ. ಎಣ್ಣೆ ಸವರಿದ ಸರಳನ್ನು ನೆಟ್ಟಗೆ ನಿಲ್ಲಿಸಿ, ತುದಿಯಲ್ಲಿ ಬುಷ್ಷನ್ನಿಟ್ಟು ಕೈಬಿಟ್ಟರೆ, ಅದು ಯೋಚನೆ ಮಾಡಿಕೊಂಡು ಇಳಿಯುವಂತೆ ನಿಧಾನವಾಗಿ, ಒಂದೇ ವೇಗದಲ್ಲಿ, ಸದ್ದಿಲ್ಲದೆ ಇಳಿದು ಬರಬೇಕು. ಅದನ್ನು ತೋರಿಸುವಾಗ ಭಾವ ಉಸಿರು ಹಿಡಿದಿರುತ್ತಾರೆ. "ಬೀಳಬಾರದು, ನಿಲ್ಲಬಾರದು, ಇಳೀಬೇಕು" ಎನ್ನುವುದು ಅವರ ಬಾಯಲ್ಲಿ ನಾಮಸ್ಮರಣೆ. ಗಡಿಯಾರದ ಮುಳ್ಳನ್ನು ನೋಡಿದರೂ, ಮನೆಮುಂದಿನ ಮರದಿಂದ ಎಲೆ ಉದುರಿದರೂ ಅದೇ ಮಾತು. ಶೆಡ್ಡಿನವರು ಅವರಿಗೆ ಬಿಗಿ ಮೇಸ್ತ್ರಿ ಎಂದು ಹೆಸರಿಟ್ಟರು. ಹೆಸರು ಅವರ ಕಿವಿಗೆ ಬಿದ್ದಾಗ ಕೋಪಿಸಿಕೊಳ್ಳುತ್ತಾರೆಂದು ಎಲ್ಲರೂ ಕಾದರೆ, ಅವರು ಸಂತೋಷಪಟ್ಟರು.

ಇಂಥ ಮನುಷ್ಯ ಬಸ್ಸು ಹತ್ತುತ್ತಿರಲಿಲ್ಲ. ಜೀವನವಿಡೀ ಬಸ್ಸುಗಳ ಬುಷ್ ಮಾಡಿದವರು ಕೆಲಸಕ್ಕೆ ನಡೆದೇ ಹೋಗುತ್ತಿದ್ದರು, ನಡೆದೇ ಬರುತ್ತಿದ್ದರು. ಕಾರಣ ಸರಳ: ವಾಹನದಲ್ಲಿ ಕೂತರೆ ನಮಗೆಲ್ಲ ಕೇಳುವುದು ಒಂದು ಗದ್ದಲ, ಅವರಿಗೆ ಕೇಳುವುದು ಒಂದೊಂದು ಬೋಲ್ಟಿನ ಪ್ರತ್ಯೇಕ ಅಳಲು. ಅಕ್ಕನ ಜೊತೆ ಒಮ್ಮೆ ಮದುವೆಗೆ ಹೊರಟವರು ನಡುದಾರಿಯಲ್ಲಿ ಬಸ್ಸು ನಿಲ್ಲಿಸಿ, ಹಿಂದಿನ ಸೀಟಿನ ಅಡಿಗೆ ನುಗ್ಗಿ, ಇಸ್ತ್ರಿ ಮಾಡಿದ ಅಂಗಿಯಲ್ಲೇ ಗ್ರೀಸ್ ಬಳಿದುಕೊಂಡು ಎದ್ದರಂತೆ. ಅಂದಿನಿಂದ ಅಕ್ಕ ತಾನೊಬ್ಬಳೇ ಬಸ್ಸಿನಲ್ಲಿ ಹೋಗುತ್ತಾಳೆ. ಅವರು ಹಿಂದಿನಿಂದ ನಡೆದುಕೊಂಡು, ಊಟದ ಪಂಕ್ತಿ ಏಳುವ ಹೊತ್ತಿಗೆ ಬಂದು ಮುಟ್ಟುತ್ತಾರೆ.

ಈ ಭಾವನಿಗೆ ಒಬ್ಬ ತಮ್ಮನಿದ್ದಾನೆ. ತಂದೆ ತೀರಿಕೊಂಡಾಗ ತಮ್ಮನಿಗೆ ಇನ್ನೂ ಹಾಲುಹಲ್ಲು, ಅಣ್ಣನೇ ಅಪ್ಪನಾದ. ಸಾಕಿದ, ಓದಿಸಿದ, ಆದರೆ ಸಾಕಿದ್ದು ಬುಷ್ ಮಾಡುವ ಲೆಕ್ಕದಲ್ಲೇ. ತಲೆಗೂದಲು ಇಷ್ಟೇ ಉದ್ದ, ಮನೆಗೆ ಬರುವುದು ಇಂಥ ಹೊತ್ತಿಗೇ, ಚಪ್ಪಲಿ ಬಿಡುವುದು ಈ ಕಲ್ಲಿನ ಮೇಲೆಯೇ. ಆ ಹುಡುಗನೋ, ಕೈಕಾಲು ಸಡಿಲ ಬಿಟ್ಟುಕೊಂಡು ನಗುನಗುತ್ತಾ ತಿರುಗುವ ಜಾತಿ. ಊಟದ ತಟ್ಟೆಯನ್ನೇ ಸ್ಟೇರಿಂಗ್ ಮಾಡಿಕೊಂಡು ಬಾಯಲ್ಲಿ ಹಾರನ್ ಊದುತ್ತಾ ಮನೆತುಂಬ ಓಡುತ್ತಿದ್ದನಂತೆ. ಒಮ್ಮೆ ಬಾಯಿತಪ್ಪಿ, ಸೈಕಲ್ ಪೆಡಲು ಯಾಕೋ ಸ್ವಲ್ಪ ಗಟ್ಟಿ ಅಂದ. ಅಂದದ್ದೇ ತಡ, ಅಣ್ಣ ಇಡೀ ಸೈಕಲ್ಲನ್ನು ಬಿಚ್ಚಿ ಅಂಗಳದಲ್ಲಿ ಹರವಿಕೊಂಡು ಕೂತರು. ಅದು ಮತ್ತೆ ಸೈಕಲ್ ಆಗುವವರೆಗೆ ಹುಡುಗ ಶಾಲೆಗೆ ನಡೆದ. ಸೈಕಲ್ ಆದ ಮೇಲೆ ಪೆಡಲು ಮೊದಲಿಗಿಂತ ಗಟ್ಟಿ. ಅಂದಿನಿಂದ ಅವನು ಒಂದು ಮಾತು ಕಲಿತ. ಅಂಗಿ ಹೇಗಿದೆಯೋ ಎಂದರೆ ಚೆನ್ನಾಗಿದೆ ಅಣ್ಣ. ಕೆಲಸ ಹೇಗಿದೆಯೋ ಎಂದರೆ ಚೆನ್ನಾಗಿದೆ ಅಣ್ಣ. ಜ್ವರ ಬಂದು ಮೈ ಕೆಂಡವಾಗಿದ್ದಾಗಲೂ ಅದೇ ಉತ್ತರ. ಭಾವ ಆ ಉತ್ತರವನ್ನು ತಮ್ಮ ಸಾಕಣೆಯ ಸಾರ್ಥಕತೆಯೆಂದು ತಿಳಿದುಕೊಂಡಿದ್ದರು, ಪಾಪ.

ತಟ್ಟೆ ತಿರುಗಿಸಿದ ಹುಡುಗ ಡ್ರೈವರೇ ಆದ. ಖಾಸಗಿ ಕಂಪನಿಯೊಂದರ ಬಸ್ಸು, ಊರಿಂದೂರಿಗೆ ಹೋಗುವ ದೂರದ ದಾರಿ, ಹದಗೆಟ್ಟ ರಸ್ತೆ. ಸ್ಟೇರಿಂಗ್ ಹಿಡಿದರೆ ಅವನಿಗೆ ಹಸಿವು ನಿದ್ದೆ ಒಂದೂ ಗೊತ್ತಾಗುತ್ತಿರಲಿಲ್ಲ. ಆದರೆ ಬೆನ್ನಿಗೆ ಗೊತ್ತಾಯಿತು. ವರ್ಷಗಳ ಕಾಲ ಹಲಗೆಯಂಥ ಸೀಟಿನ ಮೇಲೆ ಕುಕ್ಕಿದ ಸೊಂಟದ ಮೂಳೆ ಒಂದು ದಿನ ಮುಷ್ಕರ ಹೂಡಿತು. ಕಂಪನಿಯ ಡಾಕ್ಟರು ಬೆನ್ನೆಲುಬಿನ ಮೇಲೆ ಹೆಬ್ಬೆರಳು ಒತ್ತಿ ನೋಡಿ, ಈ ಕುಲುಕಾಟ ನಿಂತರೆ ಸರಿ, ಮುಂದಿನ ತಪಾಸಣೆಯ ಹೊತ್ತಿಗೂ ಹೀಗೇ ಇದ್ದರೆ ಸ್ಟೇರಿಂಗ್ ಬಿಟ್ಟು ಡಿಪೊದ ಗೇಟು ಕಾಯಬೇಕಾಗುತ್ತದೆ ಎಂದು ಹೇಳಿ ಕಳಿಸಿದರು. ತಮ್ಮ ಮನೆಗೆ ಬಂದು ಅಂಗಳದಲ್ಲಿ ನಿಂತ. ಅತ್ತಿಗೆಯ ಮುಂದೆ ಎಲ್ಲ ಹೇಳಿಕೊಂಡು ಅತ್ತ. ಅಣ್ಣ ಬಂದಾಗ ಕಣ್ಣೊರೆಸಿಕೊಂಡು ಎದ್ದುನಿಂತ.

ವಿಷಯವನ್ನು ಅಕ್ಕನ ಬಾಯಿಂದ ಕೇಳಿದ ಭಾವನ ಕೈ ಜೇಬಿನೊಳಗೆ ಹುಚ್ಚುಹಿಡಿದಂತೆ ಆಡತೊಡಗಿತು. ಗೇಟು ಕಾಯುವ ತಮ್ಮನನ್ನು ಅವರ ಕಣ್ಣು ಕಲ್ಪಿಸಿಕೊಂಡಿರಬೇಕು. ಮರುದಿನವೇ ಬಸ್ಸಿನ ಮಾಲೀಕರ ಬಾಗಿಲಲ್ಲಿ ನಿಂತು, ಆ ಬಸ್ಸಿಗೆ ತಾನೇ ಡ್ರೈವರ್ ಸೀಟು ಮಾಡಿಕೊಡುತ್ತೇನೆಂದು ಒಪ್ಪಿಸಿ ಬಂದರು. ಸೀಟಿನ ಅಡಿಗೆ ಸ್ಪ್ರಿಂಗು, ಏಟು ತಣಿಸುವ ಒಂದು ಶಾಕ್ ಅಬ್ಸಾರ್ಬರು, ಎಡಕ್ಕೊಂದು ಬಲಕ್ಕೊಂದು ಗೈಡ್ ರಾಡು. ರಸ್ತೆ ಎಷ್ಟೇ ಕುಣಿದರೂ ಕೂತವನು ತೇಲಬೇಕು. ಆ ದಿನಗಳಲ್ಲಿ ಅವರ ಮನೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ತುತ್ತು ಬಾಯಿಗೆ ಹೋಗುವ ಮೊದಲೇ ಎದ್ದುಹೋಗುವರು. ಅಕ್ಕ ಏನಾದರೂ ಕೇಳಿದರೆ ಅವಳ ಮುಖ ನೋಡುತ್ತಾ ಸ್ಪ್ರಿಂಗಿನ ವಿಷಯ ಹೇಳುವರು. ನನ್ನನ್ನು ಹಿಡಿದು ನಿಲ್ಲಿಸಿ, ತಮ್ಮನಷ್ಟೇ ತೂಕ ಇದ್ದೀಯೆಂದು ತಕ್ಕಡಿಯ ಕಲ್ಲಿನಂತೆ ಸೀಟಿನ ಮೇಲೆ ಕೂರಿಸಿ ಇಳಿಸಿ ಕೂರಿಸಿ ನನ್ನ ಸೊಂಟವನ್ನೂ ನೋಯಿಸಿದರು.

ಈಗ ಹೇಳಬೇಕಾದದ್ದು ಅವರ ತಪ್ಪಿನ ವಿಷಯ. ಅದು ಗೊತ್ತಿಲ್ಲದವರು ಮಾಡುವ ತಪ್ಪಲ್ಲ. ಅವರಿಗೆ ಕೆಲಸ ಕಲಿಸಿದ ಹಳೆಯ ಮೇಸ್ತ್ರಿ ಸಾಯುವವರೆಗೂ ಹೇಳುತ್ತಿದ್ದ ಮಾತೊಂದಿತ್ತು: "ಎರಡು ರಾಡ್ ಇದ್ದ ಕಡೆ ಒಂದನ್ನ ನಂಬು, ಇನ್ನೊಂದನ್ನ ಬಿಡು." ಎಂಥ ಕಸುಬುದಾರನಾದರೂ ಎರಡು ಸರಳುಗಳನ್ನು ಕೊನೆಯವರೆಗೂ ಒಂದೇ ನೇರದಲ್ಲಿ ಹಿಡಿದಿಡಲಾರ. ಕೆಳಗಿನ ನೆಲ ಚೂರು ತಿರುಚಿದರೂ ಅವು ಕೂದಲೆಳೆಯಷ್ಟು ಆಚೀಚೆಯಾಗುತ್ತವೆ. ಆಗ ಎರಡೂ ಕಡೆಯ ಬುಷ್ ಬಿಗಿಯಾಗಿದ್ದರೆ ಒಂದನ್ನೊಂದು ಜಗ್ಗಿ ನಡುವೆಯೇ ಕಚ್ಚಿಕೊಳ್ಳುತ್ತವೆ. ಆದ್ದರಿಂದ ಒಂದು ಕಡೆ ಬಿಗಿ ಕೊಟ್ಟು, ಇನ್ನೊಂದು ಕಡೆ ಬೇಕೆಂದೇ ಸಡಿಲ ಬಿಡಬೇಕು. ಭಾವನಿಗೆ ಇದು ಗೊತ್ತಿರಲಿಲ್ಲವೇ? ಪರರ ಲಾರಿಗೆ, ಪರರ ಬಸ್ಸಿಗೆ ಅವರು ಪ್ರತಿ ಸಲವೂ ಹಾಗೆಯೇ ಮಾಡಿದ್ದರು, ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು. ಆದರೆ ಇದು ತಮ್ಮನ ಸೀಟು. ತಾನು ಎತ್ತಿ ಆಡಿಸಿದ ಮೈ ಕೂರುವ ಜಾಗದಲ್ಲಿ ಅಲ್ಲಾಡುವ ಒಂದು ಬುಷ್ಷನ್ನು ಬೇಕೆಂದೇ ಹಾಕುವುದೇ? ಊರಿಗೆಲ್ಲ ಮಾಡುವ ಹಾಗೆ ಮನೆಯವನಿಗೂ ಮಾಡುವುದೇ? ಅವರ ಕೈ ಒಪ್ಪಲಿಲ್ಲ. ಎಡಕ್ಕೂ ಬಿಗಿ ಕೊಟ್ಟರು, ಬಲಕ್ಕೂ ಅಷ್ಟೇ ಬಿಗಿ ಕೊಟ್ಟರು.

ಬೆಂಚಿನ ಮೇಲೆ ಆ ಸೀಟು ಇಳಿದದ್ದನ್ನು ನಾನೇ ಕಣ್ಣಾರೆ ನೋಡಿದೆ. ಶೆಡ್ಡಿನವರೆಲ್ಲ ಕೆಲಸ ನಿಲ್ಲಿಸಿ ಸುತ್ತ ನೆರೆದಿದ್ದರು. ತಮ್ಮ ಕೂತ. ಸೀಟು ಒಂದಿಷ್ಟೂ ಸದ್ದಿಲ್ಲದೆ, ತಾಯಿ ಮಗುವನ್ನು ತೊಟ್ಟಿಲಿಗೆ ಇಳಿಸುವಷ್ಟು ನಯವಾಗಿ ಇಳಿದು, ನಿಂತು, ಮತ್ತೆ ಅಷ್ಟೇ ನಯವಾಗಿ ಮೇಲೆ ಬಂತು. ಭಾವ ಸೀಟಿನ ಬೆನ್ನು ಹಿಡಿದು ಅಲ್ಲಾಡಿಸಿದರು. ಅಲ್ಲಾಡಲಿಲ್ಲ. ಜನ್ಮದಲ್ಲಿ ಮೊದಲ ಸಲ ಅವರ ಮುಖದಲ್ಲಿ ತೃಪ್ತಿಯ ಒಂದು ಗೆರೆ ಕಂಡಿತು. ಹೇಗಿದೆಯೋ ಎಂದರು. ಚೆನ್ನಾಗಿದೆ ಅಣ್ಣ ಎಂದ ತಮ್ಮ, ಆ ಸಲ ಮನಸಾರೆ.

ಸೀಟು ಬಸ್ಸಿಗೆ ಹೋಯಿತು. ಆಮೇಲೆ ತಿಂಗಳುಗಟ್ಟಲೆ ಅದೇ ಪ್ರಶ್ನೆ, ಅದೇ ಉತ್ತರ. ಆದರೂ ಭಾವನ ಮನಸ್ಸಿಗೆ ನೆಲೆಯಿಲ್ಲ. ತಮ್ಮ ಮನೆಗೆ ಬಂದಾಗ ಅವನು ಕೂರುವ ರೀತಿಯನ್ನು ನೋಡುವರು, ಏಳುವ ರೀತಿಯನ್ನು ನೋಡುವರು. ಮೊದಲು ಬಾಗಿಲಲ್ಲೇ ಚಪ್ಪಲಿ ಒದೆದು ಬರುತ್ತಿದ್ದವನು ಈಗ ಗೋಡೆಗೆ ಕೈಯೂರಿ ಒಂದೊಂದೇ ಕಾಲಿನಿಂದ ಬಿಡುತ್ತಿದ್ದ. ಅಕ್ಕ ಕೇಳಿದರೆ ನಗುತ್ತಿದ್ದ. ಒಂದು ವಾರ ಕೆಲಸಕ್ಕೆ ಹೋಗಲಿಲ್ಲ. ಕೇಳಿದರೆ ನೆಗಡಿ ಎಂದ. ನೆಗಡಿಯಾದವನು ಸೀನಬೇಕಲ್ಲ? ಅಂಗಾತ ಮಲಗಿದ್ದವನು ಸೀನಲೂ ಇಲ್ಲ, ಮಗ್ಗುಲಾಗಲೂ ಇಲ್ಲ. ಡಾಕ್ಟರ ತಪಾಸಣೆ ಹತ್ತಿರ ಬರುತ್ತಿತ್ತು. ಅವನು ಮತ್ತೆ ಕೆಲಸಕ್ಕೆ ಹೊರಟ ಬೆಳಿಗ್ಗೆ ಭಾವ ನನ್ನ ಮನೆಯ ಬಾಗಿಲಿಗೆ ಬಂದು, ಅಭ್ಯಾಸಬಲದಿಂದ ಚಿಲಕವನ್ನೊಮ್ಮೆ ಅಲ್ಲಾಡಿಸಿ, "ಬಾ, ಬಸ್ಸಲ್ಲಿ ಹೋಗಿ ಬರೋಣ" ಎಂದರು. ನಾನು ಅವರ ಹಣೆ ಮುಟ್ಟಿ ನೋಡುವುದೊಂದು ಬಾಕಿ.

ತಮ್ಮನ ಕಣ್ಣಿಗೆ ಬೀಳದಂತೆ ಹಿಂಬಾಗಿಲಿಂದ ಹತ್ತಿ ನಡುವಿನ ಸಾಲಿನಲ್ಲಿ ಕೂತೆವು. ಬಸ್ಸು ಹೊರಟಿತು, ಭಾವನ ನರಕವೂ ಶುರುವಾಯಿತು. ಕಿಟಕಿಯ ಗಾಜು ಗಡಗಡಿಸಿದರೆ ಅದನ್ನು ಒಂದು ಕೈಯಲ್ಲಿ ಒತ್ತಿಹಿಡಿದರು. ಮುಂದಿನ ಸೀಟಿನ ಕಂಬಿ ಕಿರುಗುಟ್ಟಿದರೆ ಇನ್ನೊಂದು ಕೈ ಅಲ್ಲಿಗೆ ಹೋಯಿತು. ಕಾಲಡಿಯ ತಗಡು ಕುಣಿಯಿತೆಂದು ಎರಡೂ ಪಾದ ಊರಿ ತುಳಿದು ಕೂತರು. ತಲೆಯ ಮೇಲಿನ ಸಾಮಾನಿನ ಕಂಬಿಗೆ ಮಾತ್ರ ಕೈ ಉಳಿಯಲಿಲ್ಲ. ನೀನು ಹಿಡಿದುಕೋ ಎಂದು ನನಗೆ ಹೇಳಿದರು. ಎದುರಿಗಿದ್ದ ಹೆಂಗಸೊಬ್ಬರು ನಮ್ಮಿಬ್ಬರನ್ನೂ ನೋಡಿ ತಮ್ಮ ಚೀಲವನ್ನು ಆಚೆ ಸರಿಸಿಕೊಂಡರು.

ಊರು ದಾಟಿದ ಮೇಲೆ ರಸ್ತೆಯುಬ್ಬು ಬಂತು. ಅದು ಬರುವ ಮುಂಚೆಯೇ ಡ್ರೈವರನ ಹೆಗಲೆರಡೂ ಮೇಲೆದ್ದವು. ಸ್ಟೇರಿಂಗ್ ಬಿಡದೆ, ಎರಡೂ ಕಾಲಿನ ಮೇಲೆ ಭಾರ ಹಾಕಿ, ಅವನು ಸೀಟಿನಿಂದ ಅರ್ಧ ಎದ್ದುನಿಂತ. ಬಸ್ಸು ಉಬ್ಬು ಹತ್ತಿ ಧೊಪ್ಪನೆ ಇಳಿದ ಮೇಲೆ ಹಲ್ಲು ಕಚ್ಚಿಕೊಂಡು ಮೆಲ್ಲಗೆ ಕೂತ. ಸೀಟು ಇಳಿಯಲಿಲ್ಲ. ಮುಂದೊಂದು ಗುಂಡಿ, ಮತ್ತೆ ಎದ್ದ, ಮತ್ತೆ ಕೂತ. ಕಣ್ಣಿಗೆ ಬೀಳದ ಒಂದು ಹಳ್ಳದಲ್ಲಿ ಏಳಲು ಸಮಯ ಸಿಗದೆ ಕುಕ್ಕರಿಸಿದಾಗ ಅವನ ಕುತ್ತಿಗೆಯ ನರ ಬಿಗಿದದ್ದು ನಮ್ಮ ಸಾಲಿನವರೆಗೂ ಕಂಡಿತು. ಅಂಥ ದಾರಿಯಲ್ಲಿ, ದಿನವೂ, ಆ ನೋಯುವ ಬೆನ್ನಿನಲ್ಲಿ, ಒಂದೊಂದು ಗುಂಡಿಗೂ ಅವನು ಎದ್ದು ಕೂತು ಎದ್ದು ಕೂತು ಬಸ್ಸು ಓಡಿಸುತ್ತಿದ್ದ. ಭಾವ ಕಿಟಕಿಯ ಗಾಜನ್ನು ಬಿಟ್ಟುಬಿಟ್ಟಿದ್ದರು. ಅದು ಬಾಯಿಗೆ ಬಂದಂತೆ ಬಡಿದುಕೊಳ್ಳುತ್ತಿತ್ತು, ಅವರಿಗೆ ಕೇಳಿಸುತ್ತಿರಲಿಲ್ಲ.

ಕೊನೆಯ ನಿಲ್ದಾಣದಲ್ಲಿ ಜನ ಇಳಿದ ಮೇಲೆ ನಾವು ಮುಂದೆ ಹೋದೆವು. ಅಣ್ಣನನ್ನು ಬಸ್ಸಿನೊಳಗೆ ಕಂಡ ತಮ್ಮನ ಮುಖ ಸಿಕ್ಕಿಬಿದ್ದ ಕಳ್ಳನದರಂತಾಯಿತು. ಭಾವ ಅವನನ್ನು ಎಬ್ಬಿಸಿ ತಾವು ಕೂತರು. ಸೀಟು ಬೆಂಚಿನ ಮೇಲೆ ಇಳಿದಷ್ಟೇ ನಯವಾಗಿ ಇಳಿಯಿತು. ನಿಂತ ಬಸ್ಸು, ಸಮನಾದ ನೆಲ. ಇಳಿಯದೆ ಏನು ಮಾಡೀತು? ಅವರು ಒಂದು ಗಳಿಗೆ ಕಣ್ಣು ಮುಚ್ಚಿ ಕೂತು, ಆಮೇಲೆ ಎದ್ದು, ಒಂದು ಮುಂದಿನ ಚಕ್ರವನ್ನು ಮಾತ್ರ ಪಕ್ಕದ ಕಲ್ಲುಕಟ್ಟೆಯ ಅಂಚಿಗೆ ಹತ್ತಿಸು ಎಂದರು. ತಮ್ಮ ಹತ್ತಿಸಿದ. ಬಸ್ಸಿನ ನೆಲ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನರಳುತ್ತಾ ತಿರುಚಿಕೊಂಡಿತು. ಭಾವ ಮತ್ತೆ ಕೂತರು. ಒತ್ತಿದರು. ತಮ್ಮದೇ ಸಣಕಲು ದೇಹದ ಅಷ್ಟೂ ಭಾರ ಹಾಕಿ, ಮುಷ್ಟಿಯಿಂದ ಗುದ್ದಿ ಒತ್ತಿದರು. ಸೀಟು ಕಲ್ಲಾಗಿತ್ತು.

"ಯಾಕೋ ಹೇಳಲಿಲ್ಲ?" ಎಂದರು ಕೊನೆಗೆ. ಧ್ವನಿಯಲ್ಲಿ ಕೋಪವಿರಲಿಲ್ಲ, ಅದನ್ನೇ ತಡೆಯಲಾಗಲಿಲ್ಲವೇನೋ ತಮ್ಮನಿಗೆ. ಸ್ಟೇರಿಂಗಿನ ಮೇಲಿನ ಧೂಳನ್ನು ಹೆಬ್ಬೆರಳಿಂದ ಒರೆಸುತ್ತಾ ಅವನು ತಲೆತಗ್ಗಿಸಿ ನಿಂತಿದ್ದ.

"ಹೇಳಿದ್ರೆ ನೀನು ಬಿಚ್ಚಿ ಮತ್ತೆ ಮಾಡ್ತಿದ್ದೆ ಅಣ್ಣ," ಎಂದ. "ಊಟ ಬಿಟ್ಟು, ನಿದ್ದೆ ಬಿಟ್ಟು ಮಾಡ್ತಿದ್ದೆ. ಇನ್ನೂ ಬಿಗಿಯಾಗಿ ಮಾಡ್ತಿದ್ದೆ."

ಭಾವನ ಬಲಗೈ ಜೇಬಿನೊಳಗೆ ಇತ್ತು. ಅದು ನಿಂತಿತ್ತು. ಅಷ್ಟು ವರ್ಷಗಳಲ್ಲಿ ನಾನು ಅದು ನಿಂತದ್ದನ್ನು ಕಂಡದ್ದು ಅದೇ ಮೊದಲು, ಮತ್ತು ಹೇಳಿಬಿಡುತ್ತೇನೆ, ನನಗೆ ಅಳು ಬಂತು.

ಸೀಟನ್ನು ಬಿಚ್ಚಿ ಶೆಡ್ಡಿಗೆ ತಂದದ್ದಾಯಿತು. ಬಲಗಡೆಯ ಬುಷ್ಷನ್ನು ಹೊರತೆಗೆದು, ರಂಧ್ರವನ್ನು ಹಿಗ್ಗಿಸುವ ರೀಮರನ್ನು ಹಿಡಿದು ನಿಂತರು ಭಾವ. ಮಾಡಬೇಕಾದ ಕೆಲಸ ಎರಡು ಸುತ್ತು ತಿರುಗಿಸುವುದಷ್ಟೇ, ಕಲಿಯಲು ಬಂದವನೂ ಮಾಡಿಯಾನು. ಅವರಿಂದಾಗಲಿಲ್ಲ. ಕಾಲು ಸುತ್ತು ತಿರುಗಿಸುವರು, ತೆಗೆದು ಸರಳಿನ ಮೇಲೆ ಇಟ್ಟು ನೋಡುವರು, ಬುಷ್ಷು ಯೋಚಿಸಿಕೊಂಡು ಇಳಿಯುವುದು. ಇಷ್ಟು ಸಾಕಲ್ಲವೇ ಎನ್ನುವಂತೆ ನನ್ನ ಕಡೆ ನೋಡುವರು. ಸಾಲದು ಎಂದು ಅವರಿಗೇ ಗೊತ್ತು. ಮತ್ತೆ ಕಾಲು ಸುತ್ತು. ಜೀವಮಾನವಿಡೀ ತನಗೆ ಹೆಸರು ತಂದುಕೊಟ್ಟ ಒಂದು ಗುಣವನ್ನು ತನ್ನ ಕೈಯಿಂದಲೇ ಕೆಡಿಸಬೇಕಾದವನ ಸಂಕಟ ಅದು. ಹೊರಗೆ ಹೋಗಿ ಗೇಟಿನ ತಿರುಗಣಿ ಅಲ್ಲಾಡಿಸಿ ಬಂದರು. ನೀರು ಕುಡಿದರು. ಒಳಗೆ ಬಂದು ರೀಮರ್ ಒರೆಸಿದರು. ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಅಕ್ಕ ಬಂದಳು. ಎರಡು ನಿಮಿಷ ನೋಡಿದವಳಿಗೆ ಎಲ್ಲ ತಿಳಿಯಿತು. ತಮ್ಮನ ಬೆನ್ನು ಮುಖ್ಯವೋ ನಿಮ್ಮ ಕೈಯ ಹೆಸರು ಮುಖ್ಯವೋ ಎಂದು ಕೇಳಿದಳು, ಮೆಲ್ಲಗೆ, ಡಬ್ಬಿಯ ಮುಚ್ಚಳ ತೆಗೆಯುತ್ತಾ.

ಭಾವ ರೀಮರ್ ಹಾಕಿದರು, ತಿರುಗಿಸಿದರು, ನಿಲ್ಲಿಸದೆ ಇನ್ನೊಂದು ಸುತ್ತು ತಿರುಗಿಸಿದರು. ಒರೆಸಿ, ಎಣ್ಣೆ ಸವರಿ, ಸರಳನ್ನು ನೆಟ್ಟಗೆ ಹಿಡಿದು ತುದಿಯಲ್ಲಿ ಬುಷ್ಷನ್ನಿಟ್ಟು ಕೈಬಿಟ್ಟರು. ಅದು ಯೋಚಿಸಲಿಲ್ಲ. ಸರ್ರನೆ ಜಾರಿ ಬೆಂಚಿಗೆ ಬಡಿದು ಟಣ್ ಎಂದಿತು.

"ಬಿತ್ತು," ಎಂದರು ಭಾವ, ಸಣ್ಣ ದನಿಯಲ್ಲಿ.

"ಬೀಳಲಿ ಬಿಡಿ," ಎಂದಳು ಅಕ್ಕ. "ಕೈ ತೊಳ್ಕೊಂಡು ಬನ್ನಿ, ಊಟ ಆರುತ್ತೆ."

ಬರೆಯುವವನಿಗೆ ಇಂಥಲ್ಲಿ ಬಾಯಿ ಸುಮ್ಮನಿರುವುದಿಲ್ಲ. ಊಟ ಮಾಡುವಾಗ ನಾನು, ಈ ಬುಷ್ಷಿನ ಕಥೆಯಲ್ಲಿ ಸಂಸಾರಕ್ಕೊಂದು ದೊಡ್ಡ ತತ್ತ್ವವಿದೆ ಅಲ್ಲವೇ ಎಂದು ಪೀಠಿಕೆ ಹಾಕಿದೆ. ಬುಷ್ಷು ಬುಷ್ಷೇ, ಮನುಷ್ಯ ಮನುಷ್ಯನೇ, ನೀನು ತೆಪ್ಪಗೆ ಉಣ್ಣು ಎಂದು ಅಕ್ಕ ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಆದ್ದರಿಂದ ತತ್ತ್ವವನ್ನು ಅಲ್ಲಿಗೇ ಬಿಟ್ಟೆ.

ತಪಾಸಣೆಯ ದಿನ ಡಾಕ್ಟರು ಮತ್ತೆ ಹೆಬ್ಬೆರಳು ಒತ್ತಿದರು. ಸೀಟು ಕಚ್ಚಿಕೊಂಡ ಆ ತಿಂಗಳುಗಳು ಬೆನ್ನಿಗೆ ಮಾಡಿದ್ದನ್ನು ಯಾವ ರೀಮರೂ ಅಳಿಸಲಾರದು. ದೂರದ ದಾರಿ ಇನ್ನು ಬೇಡವೆಂದರು. ಊರೊಳಗಿನ ಸುತ್ತು ಓಡಿಸಬಹುದು, ಅದೂ ಈ ಹೊಸ ಸೀಟಿನಲ್ಲಾದರೆ ಮಾತ್ರ. ಸ್ಟೇರಿಂಗ್ ಉಳಿಯಿತು. ದೂರದ ರಸ್ತೆ ಹೋಯಿತು. ಸುದ್ದಿ ಹೇಳಲು ಬಂದ ತಮ್ಮ ನಕ್ಕ, ಭಾವ ನಗಲಿಲ್ಲ. ಹೋದ ರಸ್ತೆಯ ಲೆಕ್ಕ ಯಾರ ತಲೆಯ ಮೇಲೆ ಎಂಬುದನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಊರೊಳಗಿನ ಬಸ್ಸಿಗೆ ಹೋದ ಆ ಸೀಟು ಈಗ ಇಳಿಯುತ್ತದೆ, ಏರುತ್ತದೆ, ಪ್ರತಿ ಗುಂಡಿಗೂ ಬಲಗಡೆಯಿಂದ ಟಕ್ ಎಂದು ಒಂದು ಸಣ್ಣ ಸದ್ದು ಮಾಡುತ್ತದೆ. ಸಡಿಲ ಬಿಟ್ಟ ಬುಷ್ಷಿನ ಸದ್ದು. ಪ್ರಯಾಣಿಕರಲ್ಲಿ ಯಾರಿಗೂ ಅದು ಕೇಳುವುದಿಲ್ಲ.

ಕೇಳುವುದು ಒಬ್ಬರಿಗೆ. ಏಕೆಂದರೆ ಬಸ್ಸೇ ಹತ್ತದ ಆ ಮನುಷ್ಯ ಅಂದಿನಿಂದ ದಿನವೂ ಬೆಳಿಗ್ಗೆ ಅದೇ ಬಸ್ಸಿನಲ್ಲಿ, ಡ್ರೈವರನ ಬೆನ್ನ ಹಿಂದಿನ ಸೀಟಿನಲ್ಲೇ ಕೂತು ಕೆಲಸಕ್ಕೆ ಹೋಗುತ್ತಾರೆ. ಟಕ್ ಎಂದಾಗಲೆಲ್ಲ ಅವರ ಹುಬ್ಬು ಮುದುಡುತ್ತದೆ, ಜೇಬಿನೊಳಗೆ ಕೈ ಚಡಪಡಿಸುತ್ತದೆ, ಬೆವರು ಒಡೆಯುತ್ತದೆ. ಏಳುವುದಿಲ್ಲ. ಆ ಸದ್ದಿನ ಜೊತೆ ತಮ್ಮನ ಹೆಗಲು ಏಳದೆ ಇರುವುದನ್ನು ನೋಡುತ್ತಾ ಕೂತಿರುತ್ತಾರೆ.

ಹೀಗಿರುತ್ತಾ ಒಂದು ಸಂಜೆ ನಾನು ಅಕ್ಕನ ಮನೆಯಲ್ಲಿದ್ದಾಗ ಭಾವ ಬಂದರು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, ಬಹುಮಾನ ಬಂದವರ ಮುಖ ಮಾಡಿಕೊಂಡು, ಇವತ್ತು ಅವನು ತಪ್ಪು ಹೇಳಿದ ಎಂದರು. ಯಾರು, ಏನು ತಪ್ಪು ಎಂದಳು ಅಕ್ಕ. ಇಳಿಯುವಾಗ ತಮ್ಮ ತಾನಾಗಿಯೇ ಕರೆದು ಹೇಳಿದನಂತೆ: ಅಣ್ಣ, ಈ ಸೀಟು ಚೂರು ಮುಂದಕ್ಕೆ ವಾಲ್ತಿದೆ ಅನ್ಸುತ್ತೆ, ಸರಿ ಇಲ್ಲ. ಆ ಸೈಕಲ್ಲಿನ ನಂತರ ಅವನು ಅಣ್ಣನಿಗೆ ಸರಿ ಇಲ್ಲ ಎಂದದ್ದು ಅದೇ ಮೊದಲು. ಅಯ್ಯೋ, ನೀವೇನು ಮಾಡಿದಿರಿ, ಅಲ್ಲೇ ಬಿಚ್ಚಿಹಾಕಿದಿರಾ ಎಂದು ಅಕ್ಕ ಗಾಬರಿಯಾದಳು.

"ಇಲ್ಲ," ಎಂದರು ಭಾವ. "ಆಗ್ಲಿ ಬಿಡು, ಭಾನುವಾರ ನೋಡೋಣ ಅಂದೆ."

ಹಾಗೆಂದು, ಪಕ್ಕದಲ್ಲಿದ್ದ ಕುರ್ಚಿಯನ್ನೆಳೆದುಕೊಂಡು ಕೂತರು. ಕೂತ ಮೇಲೆ ಅಲ್ಲಾಡಿಸಿ ನೋಡಿದರು. ಹುಟ್ಟುಗುಣ ಸುಟ್ಟರೂ ಹೋದೀತೇ?

ಲೋಕದಲ್ಲಿ ಇಂಥವರ ಒಂದು ಕುಲವೇ ಇದೆ. ನಮ್ಮ ಕಾಲಡಿಯ ಕುಲುಕಾಟವನ್ನೆಲ್ಲ ತಮ್ಮ ಮೈಮೇಲೆ ಎಳೆದುಕೊಂಡು, ನಮ್ಮನ್ನು ನೆಮ್ಮದಿಯಾಗಿ ಕೂರಿಸಿ, ತಾವು ಮಾತ್ರ ಎಲ್ಲೂ ಕೂರಲಾರದೆ ಅಲೆಯುವ ಜನ. ಅವರ ಪ್ರೀತಿ ಮಾತಿನ ಮೂಲಕ ಬರುವುದಿಲ್ಲ, ಕೈಯ ಮೂಲಕ ಬರುತ್ತದೆ; ಕೈಯ ಮೂಲಕ ಬರುವ ಪ್ರೀತಿ ಕೆಲವು ಸಲ ಹಿಡಿದದ್ದನ್ನು ಹಿಸುಕುವಷ್ಟು ಗಟ್ಟಿಯಾಗಿರುತ್ತದೆ, ಹಿಸುಕುತ್ತಿರುವುದು ಅವರಿಗೆ ತಿಳಿಯುವುದೂ ಇಲ್ಲ. ಅವರ ಮನಸ್ಸು ನೋಯದಿರಲೆಂದು ನಾವು ಚೆನ್ನಾಗಿದೆ ಎನ್ನುತ್ತೇವೆ, ಎದ್ದು ಕೂತು ಎದ್ದು ಕೂತು ದಾರಿ ಸವೆಸುತ್ತೇವೆ, ಅದನ್ನೇ ಗೌರವವೆಂದು ತಿಳಿಯುತ್ತೇವೆ. ಅವರಿಗೆ ಬೇಕಾಗಿರುವುದು ಹೊಗಳಿಕೆಯಲ್ಲ. ಹೊಗಳಿಕೆಯನ್ನು ಅವರು ಅಲ್ಲಾಡಿಸಿ ನೋಡಿ ಪಕ್ಕಕ್ಕಿಡುತ್ತಾರೆ. ನಮ್ಮವರೊಬ್ಬರು ಹೆದರದೆ ಹತ್ತಿರ ಬಂದು, ಇದು ಸರಿ ಇಲ್ಲ ಅಣ್ಣ ಎಂದು ಹೇಳಿದರೆ, ಅಷ್ಟು ಸಾಕು; ಅಂದು ಅವರು ಒಂದು ಗಳಿಗೆ ಕೂತುಕೊಳ್ಳುತ್ತಾರೆ.